ಬಿಟ್ಟಿ ಕುಂಚ, ಬಿಡುಗಡೆಯ ಕುಂಚ

ಲಿನಕ್ಸ್ ಎಂಬ ಹೆಸರು ಕೇಳಿದವರಿಗೆ ಆ ಪೆಂಗ್ವಿನ್ ಕೂಡ ಗೊತ್ತಿರುತ್ತದೆ. ಹೊಟ್ಟೆ ತುಂಬ ಮೀನು ತಿಂದು, ಕಾಲು ಚಾಚಿ ಕೂತು, ಇನ್ನೇನೂ ಬೇಡವೆಂಬ ಮುಖದಲ್ಲಿ ನಮ್ಮನ್ನು ನೋಡುವ ಹಕ್ಕಿ. ಅದನ್ನು 1996ರಲ್ಲಿ ಬರೆದವರು ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಯೂಯಿಂಗ್. ಬರೆದದ್ದು ಜಿಂಪ್ ಎಂಬ ತಂತ್ರಾಂಶದ 0.54ನೇ ಆವೃತ್ತಿಯಲ್ಲಿ. ಸಂಖ್ಯೆಯೇ ಹೇಳುವಂತೆ ಆ ತಂತ್ರಾಂಶ ಇನ್ನೂ ಪೂರ್ತಿ ಒಂದು ಕೂಡ ಆಗಿರಲಿಲ್ಲ. ಚಿತ್ರದ ಜತೆ ಯೂಯಿಂಗ್ ಇಟ್ಟ ಷರತ್ತು ಇಷ್ಟೇ: ಯಾರು ಬೇಕಾದರೂ ಇದನ್ನು ಬಳಸಬಹುದು, ತಿದ್ದಬಹುದು, ಯಾರಾದರೂ ಕೇಳಿದರೆ ಮಾತ್ರ ನನ್ನ ಹೆಸರನ್ನೂ ಜಿಂಪ್‌ನ ಹೆಸರನ್ನೂ ಹೇಳಬೇಕು.

ಚಿತ್ರಗಾರ ತನ್ನ ಹೆಸರಿನ ಪಕ್ಕದಲ್ಲಿ ಕುಂಚದ ಹೆಸರನ್ನೂ ಸೇರಿಸುವುದು ಅಪರೂಪ. ಇಲ್ಲಿ ಯಾಕೆ ಸೇರಿಸಬೇಕಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಇಂದಿನ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಾಲೇಜಿನ ಪತ್ರಿಕೆಗೆ ಮುಖಪುಟ ಮಾಡಬೇಕು, ಕವಿತೆಗೊಂದು ರೇಖಾಚಿತ್ರ ಬೇಕು, ಸಣ್ಣದೊಂದು ಕಾಮಿಕ್ಸ್ ಬರೆಯುವ ಆಸೆಯಿದೆ, ಕೈಯಲ್ಲಿ ಕಾಸಿಲ್ಲ. ಉಚಿತವಾಗಿ ಸಿಗುವ ತಂತ್ರಾಂಶಗಳಲ್ಲಿ ಯಾವುದನ್ನು ಆರಿಸಿಕೊಳ್ಳಲಿ?

ಪಟ್ಟಿ ಕೊಡುವುದು ಸುಲಭ. ಆದರೆ ಕಳೆದ ಮೂವತ್ತು ವರ್ಷಗಳ ಕಥೆ ತಿಳಿಯದೆ ಪಟ್ಟಿಯನ್ನಷ್ಟೇ ಓದಿದರೆ ಒಂದು ಮುಖ್ಯವಾದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಕಾಸಿಲ್ಲದೆ ಸಿಕ್ಕಿದ್ದಕ್ಕೂ ಸ್ವತಂತ್ರವಾದದ್ದಕ್ಕೂ ಒಂದೇ ಪದವಿದೆ, ಫ್ರೀ. ಆ ಒಂದು ಪದ ಹುಟ್ಟಿಸಿದ ಗೊಂದಲವನ್ನು ಬಿಡಿಸುವುದರಲ್ಲೇ ಅಲ್ಲಿಯವರು ದಶಕಗಳನ್ನು ಕಳೆದಿದ್ದಾರೆ. ನಮಗೆ ಆ ಕಷ್ಟವಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಇನ್ನೂ ನೆಲದ ಮಾತು ಬೇಕೆಂದರೆ ಬಿಟ್ಟಿ ಬೇರೆ, ಬಿಡುಗಡೆ ಬೇರೆ. ಅಷ್ಟೇ ಅಲ್ಲ, ನಮ್ಮಲ್ಲಿ ಬಿಟ್ಟಿ ಎಂದರೆ ಕಾಸು ಕೊಡದೆ ಪಡೆದದ್ದು ಮಾತ್ರವಲ್ಲ. ಬಿಟ್ಟಿ ಚಾಕರಿ ಎಂದಾಗ ಕೂಲಿ ಸಿಗದೆ ದುಡಿದದ್ದು ಕೂಡ. ಈ ಎರಡನೆಯ ಅರ್ಥವನ್ನೂ ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕಥೆ ಶುರುವಾಗುವುದು ಇಬ್ಬರು ಅಣ್ಣತಮ್ಮಂದಿರಿಂದ. 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಥಾಮಸ್ ನಾಲ್, ತನ್ನ ಕಪ್ಪು-ಬಿಳುಪು ಪರದೆಯ ಮ್ಯಾಕಿಂತೋಷ್‌ನಲ್ಲಿ ಬೂದುಬಣ್ಣದ ಛಾಯೆಗಳನ್ನು ತೋರಿಸಲು ಒಂದು ಪ್ರೋಗ್ರಾಂ ಬರೆದರು. ಸಿನಿಮಾಗಳಿಗೆ ವಿಶೇಷ ದೃಶ್ಯಗಳನ್ನು ಮಾಡಿಕೊಡುವ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನಲ್ಲಿ ಕೆಲಸಕ್ಕಿದ್ದ ಸೋದರ ಜಾನ್ ನಾಲ್ ಅದನ್ನು ನೋಡಿ, ಇದನ್ನು ಬೆಳೆಸೋಣ ಎಂದರು. ಅದೇ ಫೋಟೊಶಾಪ್. ಅಡೋಬಿ ಕಂಪನಿ ಅದರ ಹಕ್ಕು ಪಡೆದು 1990ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ವರ್ಷಗಳಲ್ಲಿ ಅದು ಎಷ್ಟು ಬೆಳೆಯಿತೆಂದರೆ, ಫೋಟೊ ತಿದ್ದುವುದಕ್ಕೇ ಜನ ಫೋಟೊಶಾಪ್ ಮಾಡುವುದು ಎನ್ನತೊಡಗಿದರು. ನಮ್ಮ ಊರುಗಳ ಡಿಟಿಪಿ ಅಂಗಡಿಗಳಿಗೂ ಸ್ಟುಡಿಯೊಗಳಿಗೂ ಅದು ಬಂತು. ಬಂದದ್ದು ಬಹುಪಾಲು ಕ್ರ್ಯಾಕ್ ಮಾಡಿದ ಸಿಡಿಗಳ ರೂಪದಲ್ಲಿ. ಬೆಲೆ ಕೊಟ್ಟು ಕೊಳ್ಳಲು ಅಂಗಡಿಯವನಿಂದ ಆಗುತ್ತಿರಲಿಲ್ಲ, ಅದಿಲ್ಲದೆ ಅಂಗಡಿ ನಡೆಯುತ್ತಿರಲಿಲ್ಲ. ಹೀಗೆ ಒಂದಿಡೀ ಪೀಳಿಗೆ ತನ್ನ ಕಸುಬನ್ನು ಕದ್ದ ಕುಂಚದಿಂದಲೇ ಕಲಿತಿತು.

ಎರಡನೆಯ ಜೋಡಿ ಹುಡುಗರು ಇದ್ದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. 1995ರಲ್ಲಿ ಒಂದು ನಸುಕಿನ ಹೊತ್ತು, ತರಗತಿಗಾಗಿ ಲಿಸ್ಪ್ ಭಾಷೆಯಲ್ಲಿ ಕಂಪೈಲರ್ ಬರೆಯುತ್ತ, ಅದು ಕುಸಿದು ಬಿದ್ದು, ನಿದ್ದೆಗೆಟ್ಟ ಇಬ್ಬರೂ ಬೇಸತ್ತು ಬೇರೇನಾದರೂ ಮಾಡೋಣ ಎಂದುಕೊಂಡರಂತೆ. ಆ ಬೇರೇನಾದರೂ ಎಂಬುದೇ ಚಿತ್ರ ತಿದ್ದುವ ತಂತ್ರಾಂಶವಾಯಿತು. ಅವರಿಬ್ಬರೂ ಸದಸ್ಯರಾಗಿದ್ದ ವಿದ್ಯಾರ್ಥಿ ಕೂಟದ ಹೆಸರಿನ ಮೊದಲಕ್ಷರಗಳು ಎಕ್ಸ್‌ಸಿಎಫ್. ಇಂದಿಗೂ ಜಿಂಪ್‌ನಲ್ಲಿ ಉಳಿಸಿದ ಫೈಲಿನ ಬಾಲದಲ್ಲಿ ಅದೇ ಮೂರು ಅಕ್ಷರಗಳಿವೆ. 1995ರ ನವೆಂಬರ್‌ನಲ್ಲಿ ತಮ್ಮ ಯೋಜನೆಯನ್ನು ಹೊರಗೆ ತಿಳಿಸಿದರು. ಮರುವರ್ಷದ ಆರಂಭದಲ್ಲಿ 0.54ನೇ ಆವೃತ್ತಿಯನ್ನು ಸೋರ್ಸ್ ಕೋಡ್ ಸಮೇತ ಎಲ್ಲರ ಮುಂದಿಟ್ಟರು.

ಸೋರ್ಸ್ ಕೋಡ್ ಎಂದರೆ ತಂತ್ರಾಂಶದ ಪಾಕವಿಧಾನ ಎಂದುಕೊಳ್ಳಬಹುದು. ಹೋಟೆಲಿನಲ್ಲಿ ಸಾರು ಪುಕ್ಕಟೆ ಕೊಟ್ಟರೂ ಅದನ್ನು ಮಾಡುವ ಬಗೆ ಹೇಳಿಕೊಡದಿದ್ದರೆ, ಹೋಟೆಲು ಮುಚ್ಚಿದ ದಿನ ಸಾರೂ ಮುಗಿಯಿತು. ಜಿಂಪ್‌ನವರು ಪಾಕವಿಧಾನವನ್ನೇ ಕೊಟ್ಟರು. ಅದನ್ನು ಜಿಪಿಎಲ್ ಎಂಬ ಪರವಾನಗಿಯಡಿ ಹಂಚಿದರು. ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಈ ಪರವಾನಗಿಯ ತಿರುಳು ಸರಳ: ಯಾವ ಕೆಲಸಕ್ಕಾದರೂ ಬಳಸಿ, ಒಳಗೇನಿದೆ ಓದಿ, ತಿದ್ದಿ, ಹಂಚಿ, ಆದರೆ ನಿಮ್ಮಿಂದ ಪಡೆದವರಿಗೂ ಇದೇ ಹಕ್ಕುಗಳು ಸಿಗಬೇಕು. ಸ್ಟಾಲ್‌ಮನ್ ಬರ್ಕ್ಲಿಗೆ ಬಂದಾಗ ಹುಡುಗರು ಅವರನ್ನು ಭೇಟಿಯಾಗಿ, ಹೆಸರಿನ ಮೊದಲ ಅಕ್ಷರವಾದ ಜಿ ಎಂಬುದು ಇನ್ನು ಮುಂದೆ ಜನರಲ್ ಅಲ್ಲ, ಸ್ಟಾಲ್‌ಮನ್‌ರ ಗ್ನು ಯೋಜನೆಯ ಜಿ ಆಗಲಿ ಎಂದು ಒಪ್ಪಿಗೆ ಪಡೆದರು.

ಮೊದಲ ತೊಡಕು ಬಹಳ ಬೇಗ ಎದುರಾಯಿತು. ಪರದೆಯ ಮೇಲೆ ಗುಂಡಿ, ಮೆನು, ಕಿಟಕಿಗಳನ್ನು ಬಿಡಿಸಲು ಅವರು ಬಳಸಿದ್ದು ಮೋಟಿಫ್ ಎಂಬ ಸಲಕರಣೆಗಳ ಸಂಚಿಯನ್ನು. ಅದು ಹಣ ಕೊಟ್ಟು ಪಡೆಯಬೇಕಾದದ್ದು. ಹೀಗಾಗಿ ಜಿಂಪ್ ಮುಕ್ತವಾಗಿದ್ದರೂ ಅದನ್ನು ತಿದ್ದಿ ಮತ್ತೆ ಕಟ್ಟಲು ಹೊರಟವರ ಹತ್ತಿರ ಮೋಟಿಫ್ ಇರಲಿಲ್ಲ. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಬಾಡಿಗೆಯದು. ಮ್ಯಾಟಿಸ್ ತಾವೇ ಹೊಸ ಸಲಕರಣೆಯ ಸಂಚಿಯೊಂದನ್ನು ಬರೆದರು. ಜಿಂಪ್‌ನ ಟೂಲ್‌ಕಿಟ್ ಆದ್ದರಿಂದ ಅದು ಜಿಟಿಕೆ. ಚಿತ್ರ ಬರೆಯುವ ತಂತ್ರಾಂಶದ ಸಣ್ಣ ಅಗತ್ಯಕ್ಕೆ ಹುಟ್ಟಿದ ಈ ಜಿಟಿಕೆಯನ್ನು 1997ರಲ್ಲಿ ಮಿಗೆಲ್ ದ ಇಕಾಸಾ ಮತ್ತು ಫೆಡೆರಿಕೊ ಮೆನಾ ಎತ್ತಿಕೊಂಡು, ಅದರ ಮೇಲೆ ಗ್ನೋಮ್ ಎಂಬ ಇಡೀ ಡೆಸ್ಕ್‌ಟಾಪನ್ನೇ ಕಟ್ಟತೊಡಗಿದರು. ಕುಂಚಕ್ಕೆಂದು ಮಾಡಿದ ಹಿಡಿ ಮನೆಯ ತೊಲೆಯಾಯಿತು. ಈ ಜಿಟಿಕೆಯನ್ನು ನೆನಪಿಡಿ. ಕನ್ನಡದ ಒತ್ತಕ್ಷರಗಳ ಹತ್ತಿರ ಬಂದಾಗ ಅದು ಮತ್ತೆ ಬೇಕಾಗುತ್ತದೆ.

ಅಷ್ಟರಲ್ಲಿ ನಿಜವಾದ ಪರೀಕ್ಷೆ ಬಂತು. ಕಿಂಬಾಲ್ ಮತ್ತು ಮ್ಯಾಟಿಸ್ ಓದು ಮುಗಿಸಿ ಉದ್ಯೋಗಕ್ಕೆ ಹೋದರು. ಜಿಂಪ್ ಇನ್ನೂ ಒಂದನೆಯ ಆವೃತ್ತಿಯನ್ನು ಮುಟ್ಟಿರಲಿಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿಗಳ ಕೆಲಸ ಇಲ್ಲಿಗೆ ನಿಲ್ಲುತ್ತದೆ. ಹಾಸ್ಟೆಲ್ ಖಾಲಿ ಮಾಡುವಾಗ ಬಿಟ್ಟುಹೋದ ಟ್ರಂಕಿನ ಹಾಗೆ. ಆದರೆ ಪಾಕವಿಧಾನ ಹೊರಗಿತ್ತು. ಅದನ್ನು ಓದಿ ಪ್ಲಗಿನ್‌ಗಳನ್ನು ಬರೆದಿದ್ದ, ದೋಷಗಳನ್ನು ತಿದ್ದಿದ್ದ ಸ್ವಯಂಸೇವಕರು ಬೇರೆ ಬೇರೆ ಊರುಗಳಲ್ಲಿದ್ದರು. ಅವರೇ ಸೇರಿ 1998ರ ಜೂನ್‌ನಲ್ಲಿ 1.0 ಹೊರತಂದರು. ಹೆತ್ತವರಿಬ್ಬರೂ ಮನೆಯಲ್ಲಿಲ್ಲದಾಗ ಕೂಸು ನಡೆಯಲು ಕಲಿಯಿತು. ಎಷ್ಟೋ ವರ್ಷಗಳ ನಂತರ ಆ ಇಬ್ಬರು ಗೆಳೆಯರು ಇನ್ನೊಬ್ಬರ ಜತೆಗೂಡಿ ದತ್ತಾಂಶ ಸಂಗ್ರಹದ ದೊಡ್ಡ ಕಂಪನಿಯೊಂದನ್ನು ಕಟ್ಟಿದರು. ಜಿಂಪ್ ಅವರಿಲ್ಲದೆಯೇ ಮೂರು ದಶಕ ದಾಟಿದೆ.

ಎರಡನೆಯ ಕುಂಚ ಹುಟ್ಟಿದ್ದು ಒಂದು ಮನಸ್ತಾಪದಿಂದ. ಗ್ನೋಮ್‌ಗೆ ಎದುರಾಳಿಯಾಗಿದ್ದ ಕೆಡಿಇ ಡೆಸ್ಕ್‌ಟಾಪ್ ಯೋಜನೆಯ ಸ್ಥಾಪಕ ಮಥಿಯಾಸ್ ಎಟ್ರಿಚ್, 1998ರಲ್ಲಿ ಜರ್ಮನಿಯ ಸಮ್ಮೇಳನವೊಂದರಲ್ಲಿ ಜಿಂಪ್‌ನ ಮೈಗೆ ಜಿಟಿಕೆಯ ಬದಲು ತಮ್ಮ ಬಳಗದ ಕ್ಯೂಟಿ ಎಂಬ ಅಂಗಿ ತೊಡಿಸಿ ತೋರಿಸಿದರು. ಜಿಂಪ್ ಬಳಗದವರಿಗೆ ಅದು ಹಿಡಿಸಲಿಲ್ಲ. ಮಾತಿಗೆ ಮಾತು ಬೆಳೆಯಿತು. ಹಾಗಾದರೆ ನಮ್ಮದೇ ಒಂದಿರಲಿ ಎಂದು 1999ರಲ್ಲಿ ಕೆಡಿಇ ಕಡೆಯವರು ಹೊಸ ಯೋಜನೆ ಶುರುಮಾಡಿದರು. ಅದರ ಮೊದಲ ಹೆಸರು ಕೆಇಮೇಜ್‌ಶಾಪ್. ಆ ಹೆಸರಿಗೆ ಕಾನೂನಿನ ತಕರಾರು ಬಂತು. ಕ್ರೇಯಾನ್ ಎಂದು ಬದಲಿಸಿದರು, ಅದೂ ಉಳಿಯಲಿಲ್ಲ. ಕೊನೆಗೆ 2002ರಲ್ಲಿ ನಿಂತ ಹೆಸರು ಕ್ರಿತಾ.

ಸ್ವೀಡಿಷ್ ಭಾಷೆಯಲ್ಲಿ ಕ್ರಿತಾ ಎಂದರೆ ಬಣ್ಣದ ಕಡ್ಡಿ. ಆದರೆ ಹೆಸರಿಗೆ ಇನ್ನೊಂದು ಎಳೆಯೂ ಇದೆಯೆಂದು ಆ ಯೋಜನೆಯ ಚರಿತ್ರೆ ಹೇಳುತ್ತದೆ: ಮಹಾಭಾರತದಲ್ಲಿ ಬರುವ, ಪರಿಪೂರ್ಣ ಎಂಬ ಅರ್ಥ ಕೊಡುವ ಕೃತ. ನಮಗೆ ಕೃತಯುಗ ಗೊತ್ತು, ಕೃತಿ ಗೊತ್ತು, ಕೃತಕೃತ್ಯ ಗೊತ್ತು. ಯುರೋಪಿನ ಚಿತ್ರ ತಂತ್ರಾಂಶವೊಂದರ ಹೆಸರನ್ನು ಕನ್ನಡದಲ್ಲಿ ಓದುವಾಗ ಅಪರಿಚಿತವೆನಿಸದೇ ಇರುವುದಕ್ಕೆ ಇದೂ ಒಂದು ಕಾರಣ.

ಹೆಸರು ಪರಿಪೂರ್ಣವಾದರೂ ಒಳಗೆ ಹೆಚ್ಚೇನೂ ಇರಲಿಲ್ಲ. ನೆದರ್‌ಲೆಂಡ್ಸ್‌ನ ಬೌದೆವೈನ್ ರೆಂಪ್ಟ್ ಅದರತ್ತ ಬಂದದ್ದು ತಾನು ಬರೆಯುತ್ತಿದ್ದ ಕಾದಂಬರಿಯೊಂದರ ಕಲ್ಪಿತ ನಾಡಿಗೆ ನಕ್ಷೆ ಬರೆದುಕೊಳ್ಳಬೇಕೆಂದು. ಬಂದು ನೋಡಿದರೆ ಈ ಚಿತ್ರ ತಂತ್ರಾಂಶದಲ್ಲಿ ಚಿತ್ರ ಬರೆಯಲು ಸರಿಯಾದ ಕುಂಚವೇ ಇಲ್ಲ! 2004ರಿಂದ ಅವರೇ ಅದರ ಹೊಣೆ ಹೊತ್ತರು. ಕಾದಂಬರಿಗೆ ನಕ್ಷೆ ಮಾಡಲು ಹೋದವರು ಕುಂಚ ತಯಾರಿಸುವವರಾಗಿ ಉಳಿದುಬಿಟ್ಟರು. 2009ರ ಹೊತ್ತಿಗೆ ಆ ಬಳಗ ಒಂದು ಜಾಣತನದ ತೀರ್ಮಾನ ಮಾಡಿತು. ಫೋಟೊಶಾಪ್‌ನ ಪಡಿಯಚ್ಚಾಗುವ ಓಟ ಬಿಟ್ಟುಬಿಡೋಣ. ಫೋಟೊ ತಿದ್ದುವವರಿಗಲ್ಲ, ಖಾಲಿ ಹಾಳೆಯಿಂದ ಚಿತ್ರ ಬರೆಯುವವರಿಗೆ ಬೇಕಾದದ್ದನ್ನು ಮಾಡೋಣ. ಇಂದು ಕ್ರಿತಾದಲ್ಲಿ ಕುಂಚಗಳ ಸಮೃದ್ಧಿ ಕಾಣುವುದಕ್ಕೂ ಕಾಮಿಕ್ಸ್ ಬರೆಯುವವರು ಅದನ್ನು ಒಗ್ಗಿಸಿಕೊಂಡದ್ದಕ್ಕೂ ಆ ತೀರ್ಮಾನವೇ ಮೂಲ. ಫ್ರಾನ್ಸಿನ ಚಿತ್ರಗಾರ ಡೇವಿಡ್ ರೆವಾ 2014ರಲ್ಲಿ ಆರಂಭಿಸಿದ ಪೆಪ್ಪರ್ ಅಂಡ್ ಕ್ಯಾರಟ್ ಎಂಬ ಕಾಮಿಕ್ಸ್ ಕ್ರಿತಾದಲ್ಲೇ ಬರೆದದ್ದು. ಅವರು ಅದನ್ನು ಯಾರು ಬೇಕಾದರೂ ಅನುವಾದಿಸಬಹುದಾದ, ಅಚ್ಚು ಹಾಕಬಹುದಾದ ಪರವಾನಗಿಯಲ್ಲಿ ಕೊಟ್ಟಿದ್ದಾರೆ.

ಕ್ರಿತಾದ ಇನ್ನೊಂದು ನಡೆ ಬಿಟ್ಟಿ-ಬಿಡುಗಡೆಗಳ ವ್ಯತ್ಯಾಸವನ್ನು ಯಾವ ಭಾಷಣಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಅವರ ತಾಣದಲ್ಲಿ ಅದು ಪುಕ್ಕಟೆ. ಅದೇ ತಂತ್ರಾಂಶ ಸ್ಟೀಮ್ ಮತ್ತು ಮೈಕ್ರೊಸಾಫ್ಟ್ ಮಳಿಗೆಗಳಲ್ಲಿ ಹಣಕ್ಕೆ ಸಿಗುತ್ತದೆ. ಜಿಪಿಎಲ್ ಮಾರಬೇಡಿ ಎನ್ನುವುದಿಲ್ಲ, ಬಚ್ಚಿಡಬೇಡಿ ಎನ್ನುತ್ತದೆ. ಮಳಿಗೆಯಲ್ಲಿ ಕೊಂಡವರ ಹಣ, ದೇಣಿಗೆ, 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಎತ್ತಿದ ಹಣ, ಇವೆಲ್ಲ ಸೇರಿ ಕೆಲವರಿಗೆ ಸಂಬಳ ಕೊಡಲು ಸಾಧ್ಯವಾಯಿತು. ಬಿಟ್ಟಿ ಚಾಕರಿಯಿಂದ ಶುರುವಾದ ಕೆಲಸ ಒಂದಷ್ಟು ಜನರಿಗಾದರೂ ಕೂಲಿ ಕೊಡುವ ಕೆಲಸವಾಯಿತು.

ಪುಕ್ಕಟೆ ಸಿಕ್ಕಿದರೂ ಸ್ವತಂತ್ರವಾಗಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ಲೆಂಡರ್‌ನ ಕಥೆ ನೋಡಬೇಕು. ಮೂರು ಆಯಾಮದ ಚಿತ್ರ ಮತ್ತು ಆನಿಮೇಷನ್ ಮಾಡುವ ಬ್ಲೆಂಡರ್ ಅನ್ನು ಬರೆದವರು ನೆದರ್‌ಲೆಂಡ್ಸ್‌ನ ಟೋನ್ ರೋಸೆಂಡಾಲ್. 1998ರಲ್ಲಿ ಅವರು ಅದಕ್ಕಾಗಿ ಕಂಪನಿ ತೆರೆದರು. ತಂತ್ರಾಂಶ ಕಾಸಿಲ್ಲದೆ ಸಿಗುತ್ತಿತ್ತು, ಪಾಕವಿಧಾನ ಮಾತ್ರ ಕಂಪನಿಯ ಕಪಾಟಿನಲ್ಲಿತ್ತು. 2002ರ ಆರಂಭದಲ್ಲಿ ಕಂಪನಿ ಮುಚ್ಚಿತು. ಹೂಡಿಕೆದಾರರ ಕೈಗೆ ಬೀಗ ಹೋಯಿತು. ಬಳಸುತ್ತಿದ್ದ ಸಾವಿರಾರು ಜನರ ಪಾಲಿಗೆ ಕುಂಚ ಕೈಯಲ್ಲಿದ್ದರೂ ಇನ್ನು ಮುಂದೆ ಅದರ ಕೂದಲು ಉದುರಿದರೆ ಹಾಕುವವರಿಲ್ಲ. ರೋಸೆಂಡಾಲ್ ಹೂಡಿಕೆದಾರರ ಜತೆ ಮಾತಾಡಿ ಒಂದು ಲಕ್ಷ ಯೂರೊಗೆ ಸೋರ್ಸ್ ಕೋಡ್ ಬಿಡಿಸಿಕೊಳ್ಳುವ ಒಪ್ಪಂದ ಮಾಡಿದರು. ಒತ್ತೆಯಿಟ್ಟ ಒಡವೆಯನ್ನು ಬಿಡಿಸಿಕೊಂಡ ಹಾಗೆ. ಜುಲೈನಲ್ಲಿ ಜನರ ಮುಂದೆ ಕೈಚಾಚಿದರು. ಏಳು ವಾರಗಳಲ್ಲಿ ಹಣ ಕೂಡಿತು. 2002ರ ಅಕ್ಟೋಬರ್ 13ರಂದು ಬ್ಲೆಂಡರ್ ಜಿಪಿಎಲ್ ಅಡಿ ಬಿಡುಗಡೆಯಾಯಿತು. ಇಲ್ಲಿ ಬಿಡುಗಡೆ ಎಂಬ ಪದ ಅದರ ಪೂರ್ತಿ ಅರ್ಥದಲ್ಲಿ ಸಲ್ಲುತ್ತದೆ. ಬ್ಲೆಂಡರ್‌ನಲ್ಲಿ ಮಾಡಿದ ಫ್ಲೋ ಎಂಬ ಲಾಟ್ವಿಯಾದ ಚಿತ್ರ 2025ರಲ್ಲಿ ಅತ್ಯುತ್ತಮ ಆನಿಮೇಷನ್ ಚಿತ್ರದ ಆಸ್ಕರ್ ಪಡೆಯಿತು. ಅದರಲ್ಲಿ ಒಂದೂ ಮಾತಿಲ್ಲ. ಬೆಕ್ಕು, ನಾಯಿ, ಹಕ್ಕಿ ಮತ್ತು ಏರುತ್ತಿರುವ ನೀರು.

ಬಿಡಿಸಿಕೊಳ್ಳಲು ಆಗದೆ ಹೋದ ಒಡವೆಗಳೂ ಇವೆ. ರೇಖೆಗಳಿಂದ ಚಿತ್ರ ಕಟ್ಟುವ ಫ್ರೀಹ್ಯಾಂಡ್ ಎಂಬ ತಂತ್ರಾಂಶವನ್ನು ಒಂದು ಕಾಲದ ವಿನ್ಯಾಸಕಾರರು ಬಹಳ ಇಷ್ಟಪಡುತ್ತಿದ್ದರು. ಅದರ ಒಡೆತನವಿದ್ದ ಮ್ಯಾಕ್ರೊಮೀಡಿಯವನ್ನು 2005ರಲ್ಲಿ ಅಡೋಬಿ ಕೊಂಡಿತು. ಅಡೋಬಿಯ ಹತ್ತಿರ ಅದೇ ಕೆಲಸದ ಇಲ್ಲಸ್ಟ್ರೇಟರ್ ಮೊದಲೇ ಇತ್ತು. 2007ರಲ್ಲಿ ಫ್ರೀಹ್ಯಾಂಡ್‌ಗೆ ಇನ್ನು ಹೊಸ ಆವೃತ್ತಿ ಇಲ್ಲವೆಂದು ಹೇಳಿಯಾಯಿತು. ದುಡ್ಡು ಕೊಟ್ಟವರಿಗೂ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಇದೇ ಬಗೆಯ ಮುಕ್ತ ತಂತ್ರಾಂಶ ಸೋಡಿಪೋಡಿಯಲ್ಲಿ 2003ರಲ್ಲಿ ಭಿನ್ನಾಭಿಪ್ರಾಯ ಬಂದಾಗ ಆದದ್ದೇ ಬೇರೆ. ನಾಲ್ವರು ಅದರ ಕೋಡನ್ನೇ ತೆಗೆದುಕೊಂಡು ಬೇರೆ ಮನೆ ಹೂಡಿದರು. ಅದೇ ಇಂಕ್‌ಸ್ಕೇಪ್. ಹಳೆಯ ಮನೆ ಪಾಳುಬಿತ್ತು, ಹೊಸ ಮನೆಯಲ್ಲಿ ಇವತ್ತಿಗೂ ದೀಪ ಉರಿಯುತ್ತಿದೆ. ಅಣ್ಣತಮ್ಮಂದಿರು ಪಾಲಾದಾಗ ನಮ್ಮಲ್ಲಿ ಹೊಲ ತುಂಡಾಗುತ್ತದೆ. ಇಲ್ಲಿ ಮಾತ್ರ ಇಬ್ಬರಿಗೂ ಇಡೀ ಹೊಲವೇ ಸಿಗುತ್ತದೆ.

ಪುಕ್ಕಟೆಯ ಮೇಲೆ ನಂಬಿಕೆಯಿಟ್ಟವರಿಗೆ ಇನ್ನೂ ಎರಡು ನೆನಪುಗಳು ಸಾಕು. ಗೂಗಲ್ 2004ರಲ್ಲಿ ಕೊಂಡು ಪುಕ್ಕಟೆ ಹಂಚಿದ ಪಿಕಾಸಾದಲ್ಲಿ ನಮ್ಮ ಎಷ್ಟೋ ಮನೆಗಳ ಮದುವೆ, ನಾಮಕರಣದ ಫೋಟೊಗಳು ಅಚ್ಚುಕಟ್ಟಾಗಿ ಕೂತಿದ್ದವು. 2016ರಲ್ಲಿ ಅದನ್ನು ನಿಲ್ಲಿಸಲಾಯಿತು. ಇನ್ನೊಂದು 2019ರ ಸಂಗತಿ. ಅಡೋಬಿ 2013ರಲ್ಲೇ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಮಾರುವುದು ಬಿಟ್ಟು ಚಂದಾ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರುಮಾಡಿತ್ತು. 2019ರ ಅಕ್ಟೋಬರ್‌ನಲ್ಲಿ, ಅಮೆರಿಕ ಸರ್ಕಾರ ವೆನೆಜುವೆಲಾದ ಮೇಲೆ ಹೇರಿದ ನಿರ್ಬಂಧದ ಕಾರಣಕ್ಕೆ ಆ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುವುದಾಗಿ ಪ್ರಕಟಿಸಿತು. ಕೆಲ ವಾರಗಳಲ್ಲಿ ಅನುಮತಿ ಸಿಕ್ಕು ನಿರ್ಧಾರ ಬದಲಾಯಿತು, ನಿಜ. ಆದರೆ ಆ ವಾರಗಳಲ್ಲಿ ಅಲ್ಲಿಯ ಚಿತ್ರಗಾರರು ಕಲಿತ ಪಾಠ ಬದಲಾಗುವಂಥದ್ದಲ್ಲ. ಎರಡು ಸರ್ಕಾರಗಳ ಜಗಳದಲ್ಲಿ ನನ್ನ ಕುಂಚ ನನ್ನ ಕೈಯಿಂದ ಹೋಗಬಹುದು.

ಹಾಗೆಂದು ಬಿಡುಗಡೆಯ ಕುಂಚಕ್ಕೆ ಕೊರತೆಯೇ ಇಲ್ಲವೆಂದರೆ ಅದು ಸುಳ್ಳಾಗುತ್ತದೆ. ಅದರ ದೊಡ್ಡ ಕೊರತೆ ನಿಧಾನ. ಸಿನಿಮಾಕ್ಕೆ ಬೇಕಾಗುವ ಸೂಕ್ಷ್ಮ ಬಣ್ಣಗಳನ್ನು ಹಿಡಿಯಲು ಜಿಂಪ್‌ನ ಒಳಗಿನ ಯಂತ್ರವನ್ನೇ ಬದಲಿಸಬೇಕೆಂದು 2000ದಲ್ಲಿ ಗೆಗಲ್ ಎಂಬ ಹೊಸ ಯಂತ್ರದ ಕೆಲಸ ಶುರುವಾಯಿತು. ಶುರುಮಾಡಿದವರು ಹಾಲಿವುಡ್‌ನ ರಿದಮ್ ಅಂಡ್ ಹ್ಯೂಸ್ ಸ್ಟುಡಿಯೊದಲ್ಲಿದ್ದ ಪ್ರೋಗ್ರಾಮರ್‌ಗಳು. ಅದು ಪೂರ್ತಿಯಾಗಿ ಜಿಂಪ್‌ನೊಳಗೆ ಕೂತದ್ದು 2018ರ 2.10ನೇ ಆವೃತ್ತಿಯಲ್ಲಿ. ಹದಿನೆಂಟು ವರ್ಷ! ಓಡುತ್ತಿರುವ ಬಸ್ಸಿನ ಎಂಜಿನ್ನನ್ನು ಬೆರಳೆಣಿಕೆಯ ಜನ, ತಮ್ಮ ರಜೆಯ ದಿನಗಳಲ್ಲಿ ಬದಲಿಸಿದಂತೆ. ಮುಂದಿನ 3.0 ಬಂದದ್ದು 2025ರ ಮಾರ್ಚ್‌ನಲ್ಲಿ. ಬಿಟ್ಟಿ ಚಾಕರಿಯ ಇನ್ನೊಂದು ಮುಖ ಇದು: ದುಡಿಯುವವರು ತಮ್ಮ ಹೊಟ್ಟೆಪಾಡು ನೋಡಿಕೊಂಡು ಉಳಿದ ಹೊತ್ತಿನಲ್ಲಷ್ಟೇ ದುಡಿಯಬಲ್ಲರು.

ಆದರೂ ಈ ಕಥೆಗೊಂದು ಬಾಲವಿದೆ. ಅದೇ ರಿದಮ್ ಅಂಡ್ ಹ್ಯೂಸ್, ಲೈಫ್ ಆಫ್ ಪೈ ಚಿತ್ರದ ಹುಲಿಯನ್ನು ಸೃಷ್ಟಿಸಿದ ಸ್ಟುಡಿಯೊ. ಆ ಚಿತ್ರಕ್ಕೆ 2013ರ ಫೆಬ್ರವರಿಯಲ್ಲಿ ದೃಶ್ಯ ಪರಿಣಾಮಗಳ ಆಸ್ಕರ್ ಬಂದಾಗ, ಅದೇ ತಿಂಗಳು ಸ್ಟುಡಿಯೊ ದಿವಾಳಿ ಅರ್ಜಿ ಹಾಕಿತ್ತು. ಸ್ಟುಡಿಯೊ ಹೋಯಿತು. ಅಲ್ಲಿಯವರು ಎಂದೋ ಬಿತ್ತಿದ ಗೆಗಲ್ ಇಂದು ಯಾವುದೋ ಹಳ್ಳಿಯ ಹುಡುಗಿ ಹಳೆಯ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಮಾಸಿದ ಫೋಟೊ ತಿದ್ದುವಾಗ ಒಳಗೆ ಕೆಲಸ ಮಾಡುತ್ತಿರುತ್ತದೆ.

ಇನ್ನು ಕನ್ನಡಕ್ಕೆ ಬರೋಣ. ನೆನಪಿಡಿ ಎಂದು ಹೇಳಿದ್ದ ಜಿಟಿಕೆ ಇಲ್ಲಿ ಮತ್ತೆ ಬರುತ್ತದೆ. ಕನ್ನಡದ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ನಾಲ್ಕು ಪದ ತೆಗೆದುಕೊಳ್ಳಿ: ಅಪ್ಪ, ಅಮ್ಮ, ಅಣ್ಣ, ಅಕ್ಕ. ನಾಲ್ಕರಲ್ಲೂ ಒತ್ತಿದೆ. ಯೂನಿಕೋಡ್‌ನಲ್ಲಿ ಅಕ್ಕ ಎಂಬುದು ಅ, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಎಂಬ ಸಾಲಾಗಿ ಉಳಿಯುತ್ತದೆ. ಎರಡನೆಯ ಕಕಾರವನ್ನು ಒತ್ತಾಗಿಸಿ ಮೊದಲನೆಯದರ ಅಡಿಗೆ ಇಳಿಸುವ ಕೆಲಸ ತಂತ್ರಾಂಶದ್ದು. ಆ ತಿಳಿವಳಿಕೆ ಇಲ್ಲದ ತಂತ್ರಾಂಶದಲ್ಲಿ ಅಕ್ಷರಗಳು ಕೈಬಿಟ್ಟ ಮಕ್ಕಳಂತೆ ಬೇರೆ ಬೇರೆ ನಿಲ್ಲುತ್ತವೆ. ಈ ತೊಡಕಿನಿಂದ ಪಾರಾಗಲೆಂದೇ ನಮ್ಮ ಡಿಟಿಪಿ ಜಗತ್ತು ನುಡಿ, ಶ್ರೀಲಿಪಿಗಳಂಥ ವ್ಯವಸ್ಥೆಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿಕೊಂಡಿತು. ಆ ಫಾಂಟು ಇರುವ ತನಕ ಪುಟ ಕನ್ನಡ. ಫಾಂಟು ತೆಗೆದರೆ ಅರ್ಥವಾಗದ ರೋಮನ್ ಅಕ್ಷರಗಳ ಗುಡ್ಡೆ. ಅದರ ಮೇಲೆ ಆ ಪುಟಗಳು ಕೂತದ್ದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಕನ್ನಡದ ಎಷ್ಟೋ ಪುಸ್ತಕಗಳ ಫೈಲುಗಳು ಇಂದು ಹಳೆಯ ಸಿಡಿಗಳಲ್ಲಿ ಎರಡೆರಡು ಬೀಗ ಹಾಕಿಕೊಂಡು ಕೂತಿವೆ.

ಇದೇ ಅವಧಿಯಲ್ಲಿ ಇನ್ನೊಂದು ಕಡೆ ಬೇರೆ ದಾರಿ ತೆರೆಯುತ್ತಿತ್ತು. ಗ್ನೋಮ್ ಲೋಕದ ಎಲ್ಲ ಭಾಷೆಗಳಿಗೂ ಬೇಕೆಂದು ಪ್ಯಾಂಗೊ ಎಂಬ ಅಕ್ಷರ ಜೋಡಿಸುವ ವ್ಯವಸ್ಥೆ ಸಿದ್ಧವಾಯಿತು. ಗ್ರೀಕಿನ ಪಾನ್ ಎಂದರೆ ಎಲ್ಲ, ಜಪಾನಿಯ ಗೊ ಎಂದರೆ ಭಾಷೆ. 2002ರಲ್ಲಿ ಬಂದ ಜಿಟಿಕೆಯ 2.0 ಆವೃತ್ತಿಯೊಳಗೆ ಅದು ಸೇರಿತು. 2004ರ ಮಾರ್ಚ್‌ನಲ್ಲಿ ಬಂದ ಜಿಂಪ್ 2.0 ಈ ಹೊಸ ಜಿಟಿಕೆಯ ಮೇಲೆ ನಿಂತಿತ್ತು. ಅದರ ಪಠ್ಯ ಸಲಕರಣೆ ಪ್ಯಾಂಗೊವನ್ನೇ ಬಳಸಿತು. ಚಿತ್ರ ತಂತ್ರಾಂಶ ಹೆತ್ತ ಮಗು ಊರೂರು ಸುತ್ತಿ, ಜಗತ್ತಿನ ಲಿಪಿಗಳನ್ನೆಲ್ಲ ಕಲಿತು, ತಾಯಿಯ ಮನೆಗೆ ಮರಳಿದ ಹಾಗೆ. ಬರ್ಕ್ಲಿಯ ಆ ಇಬ್ಬರು ಹುಡುಗರ ಕಲ್ಪನೆಯಲ್ಲಿ ಕನ್ನಡದ ಒತ್ತಕ್ಷರ ಇದ್ದಿರಲಾರದು. ಅವರು ಬಾಗಿಲು ಮುಚ್ಚದೆ ಹೋದದ್ದೇ ಸಾಕಾಯಿತು. ಪ್ಯಾಂಗೊ ಮುಂತಾದವುಗಳ ಕೋಡಿನಿಂದ ಬೆಳೆದ ಹಾರ್ಫ್‌ಬಜ್ ಇಂದು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿದೆ. ಅಷ್ಟೇಕೆ, ಫೋಟೊಶಾಪ್‌ನಲ್ಲೂ ಇದೆ. ನೀವು ಈ ಬರಹವನ್ನು ಮೊಬೈಲಿನಲ್ಲಿ ಓದುತ್ತಿದ್ದರೆ, ಒತ್ತುಗಳನ್ನು ಅವುಗಳ ಜಾಗದಲ್ಲಿ ಕೂರಿಸಿರುವುದು ಬಹುತೇಕ ಅದೇ. ಬೀಗ ಹಾಕಿದ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವ ಕೀಲಿಯನ್ನು ಮಾಡಿದವರೂ ಇದೇ ಪರಂಪರೆಯವರು: ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ 2015ರಿಂದ ಅವುಗಳನ್ನು ಓದಬಲ್ಲದು. ಅಕ್ಷರದ ಗೋಜಲನ್ನು ನಾವು ಆಮೇಲೆ ಬಿಡಿಸಿಕೊಳ್ಳಬೇಕು, ಅಷ್ಟೆ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಮರಳಬಹುದು. ಖಾಲಿ ಹಾಳೆಯಿಂದ ಚಿತ್ರ, ಕಾಮಿಕ್ಸ್, ಬಣ್ಣದ ಕೆಲಸವಾದರೆ ಕ್ರಿತಾ. ಫೋಟೊ ತಿದ್ದಲು, ಹಳೆಯ ಹಸ್ತಪ್ರತಿಯ ಸ್ಕ್ಯಾನ್ ಶುದ್ಧಗೊಳಿಸಲು ಜಿಂಪ್. ಪೋಸ್ಟರ್, ಮುಖಪುಟ, ಲಾಂಛನ, ದೊಡ್ಡ ಕನ್ನಡ ಅಕ್ಷರಗಳ ಕೆಲಸವಾದರೆ ಇಂಕ್‌ಸ್ಕೇಪ್. ಅದೂ ಪ್ಯಾಂಗೊವನ್ನೇ ಬಳಸುವುದರಿಂದ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮದಂಥ ಮುಕ್ತ ಯೂನಿಕೋಡ್ ಫಾಂಟುಗಳಲ್ಲಿ ಒತ್ತು ಜಾರುವುದಿಲ್ಲ. ಚಲಿಸುವ ಚಿತ್ರಕ್ಕೆ ಬ್ಲೆಂಡರ್. ಅಚ್ಚಿನ ಮನೆಗೆ ಹೋಗುವ ಕೆಲಸವಾದರೆ ಒಂದು ಎಚ್ಚರಿಕೆ: ಮುದ್ರಣಕ್ಕೆ ಬೇಕಾದ ಸಿಎಂವೈಕೆ ಬಣ್ಣಗಳಲ್ಲೇ ನೇರವಾಗಿ ಕೆಲಸ ಮಾಡಲು ಕ್ರಿತಾ ಬಿಡುತ್ತದೆ, ಜಿಂಪ್ ಬಿಡುವುದಿಲ್ಲ. ಮತ್ತೂ ಒಂದು ಎಚ್ಚರಿಕೆ: ಇವನ್ನು ಆಯಾ ಯೋಜನೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 2015ರಲ್ಲಿ ಸೋರ್ಸ್‌ಫೋರ್ಜ್ ತಾಣದಲ್ಲಿ ಜಿಂಪ್‌ನ ಹೆಸರಿನ ಕಡತದ ಜತೆ ಬೇಡದ ಜಾಹೀರಾತು ಸರಕುಗಳನ್ನು ಗಂಟು ಹಾಕಿ ಕೊಟ್ಟದ್ದು ದೊಡ್ಡ ಗಲಾಟೆಯಾಗಿತ್ತು.

ಇವುಗಳ ಹೊರಗೆ ಪುಕ್ಕಟೆ ಸಿಗುವ ಒಳ್ಳೆಯ ತಂತ್ರಾಂಶಗಳು ಇಲ್ಲವೆಂದಲ್ಲ. ಬ್ರೌಸರಿನಲ್ಲೇ ತೆರೆಯುವ ಫೋಟೊಪಿಯಾ ಇದೆ. ಮೊದಲು ಹಣಕ್ಕಿದ್ದ ಅಫಿನಿಟಿಯನ್ನು ಕೊಂಡ ಕ್ಯಾನ್ವಾ 2025ರ ಅಕ್ಟೋಬರ್‌ನಲ್ಲಿ ಅದನ್ನು ಪುಕ್ಕಟೆ ಮಾಡಿತು. ಬಳಸಬಾರದೆಂದು ಯಾರೂ ಹೇಳಬೇಕಿಲ್ಲ; ನಾಳೆಯೇ ಕೊಡಬೇಕಾದ ಪೋಸ್ಟರಿಗೆ ಕೈಗೆ ಸಿಕ್ಕಿದ್ದನ್ನು ಬಳಸುವುದೇ ಸರಿ. ಆದರೆ ವರ್ಷಗಟ್ಟಲೆ ಕಲಿಯುವ ಕಸುಬಿಗೆ, ಉಳಿಯಬೇಕಾದ ಚಿತ್ರಗಳಿಗೆ ಕುಂಚ ಆರಿಸುವಾಗ ಬೆಲೆ ಎಷ್ಟು ಎಂಬುದರ ಜತೆ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಇದನ್ನು ಮಾಡಿದವರು ನಾಳೆ ಎದ್ದುಹೋದರೆ ನನ್ನ ಚಿತ್ರವನ್ನು ಯಾರು ತೆರೆದುಕೊಡುತ್ತಾರೆ?

ಜಿಂಪ್‌ನ ಮಟ್ಟಿಗೆ ಈ ಪ್ರಶ್ನೆಗೆ ಇಪ್ಪತ್ತೈದು ವರ್ಷಗಳಿಗಿಂತ ಹಿಂದೆಯೇ ಉತ್ತರ ಸಿಕ್ಕಿದೆ. ಮಾಡಿದವರು ಎದ್ದುಹೋದರು, ಬೇರೆಯವರು ಬಂದು ಕೂತರು. ಲ್ಯಾರಿ ಯೂಯಿಂಗ್ ತನ್ನ ಪೆಂಗ್ವಿನ್ ಜತೆ ಕುಂಚದ ಹೆಸರನ್ನೂ ಹೇಳಿ ಎಂದದ್ದು ಬಹುಶಃ ಆ ಬಂದು ಕೂರುವವರಿಗಾಗಿ. ಹೆಸರು ಕೇಳಿದವರಲ್ಲಿ ಯಾರೋ ಒಬ್ಬರು ಕುಂಚ ಎತ್ತಿಕೊಂಡಾರು, ಇನ್ನೊಬ್ಬರು ಅದರ ಉದುರಿದ ಕೂದಲನ್ನು ಮತ್ತೆ ಕಟ್ಟಿಯಾರು ಎಂದು.